ಸುಸನ್ನಾ ಅಂದ್ರೆ ಏನರ್ಥ? ಸಂಸ್ಕೃತದ್ದಾ?

ಹಾಸನದ ಅಪ್ಪ: ಮಗಳಿಗೆ ನನ್ನ ಹೆಂಡತಿಯ ಅಜ್ಜಿಯ ಹೆಸರು ಇಟ್ಟಿದ್ದೇವೆ, ಸುಸನ್ನಾ ಅಂತ. ಹೆಂಡತಿ ಮನೆಯವರು ಚರ್ಚಿಗೆ ಹೋಗೋರು, ನಮ್ಮದು ದೇವಸ್ಥಾನ. ನಮ್ಮಮ್ಮ "ಪ್ರಸನ್ನ ಇದ್ದಹಾಗೆ ಸುಸನ್ನ, ಚೆನ್ನಾಗಿದೆ ಬಿಡು" ಅಂದ್ರು. ಜನನ ಪತ್ರ ಬರೆದ ಗುಮಾಸ್ತರಂತೂ "ಸುಪ್ರಸನ್ನ" ಅಂತಲೇ ಬರೆದುಬಿಟ್ಟಿದ್ದಾರೆ! ತಿದ್ದುಪಡಿಗೆ ಅಲೀತಾ ಇದ್ದೀನಿ. ಅಸಲಿ ಅರ್ಥ ಏನು?

ನಿವೃತ್ತ ಟೀಚರ್, ಮಂಗಳೂರು: ಸಂಸ್ಕೃತ ಅಲ್ಲ ಮಾರಾಯ್ರೆ, ಹೀಬ್ರೂ. ಮೂಲ ಶೋಶನ್ನಾ, ಒಂದು ಹೂವಿನ ಹೆಸರು. ಗ್ರೀಕರಿಗೆ "ಶ" ಅಕ್ಷರ ಇರಲಿಲ್ಲ, ಸುಸನ್ನಾ ಅಂದ್ರು. ನಮ್ಮಲ್ಲಿಗೆ ಬಂದದ್ದು ಆ ರೂಪವೇ. ಬೈಬಲಿನ ಪರಮಗೀತೆ ಅನ್ನುವ ಪುಸ್ತಕದ 2ನೇ ಅಧ್ಯಾಯದಲ್ಲಿ ಪ್ರಿಯೆಯನ್ನು ಮುಳ್ಳುಗಳ ನಡುವಿನ ಶೋಶನ್ನಾ ಅಂತ ಕರೆಯುತ್ತಾರೆ. ಲೂಕನ ಸುವಾರ್ತೆಯಲ್ಲಿ (8:3) ಒಬ್ಬ ಸುಸನ್ನಾ ಇದ್ದಾಳೆ, ಯೇಸುವಿನ ತಂಡಕ್ಕೆ ಕೈಯಿಂದ ಖರ್ಚು ಮಾಡಿದವರಲ್ಲಿ ಒಬ್ಬಳು.

ನನಗೆ ಇಷ್ಟದವಳು ದಾನಿಯೇಲನ 13ನೇ ಅಧ್ಯಾಯದವಳು. ಕಥೋಲಿಕರ ಬೈಬಲಿನಲ್ಲಿ ಇದೆ, ಪ್ರೊಟೆಸ್ಟೆಂಟರದ್ದರಲ್ಲಿ ಹುಡುಕಿದರೆ 12ಕ್ಕೇ ಮುಗಿಯುತ್ತದೆ. ಬಾಬಿಲೋನಿನಲ್ಲಿ ಇಬ್ಬರು ಮುದಿ ನ್ಯಾಯಾಧೀಶರು ಇವಳ ಮೇಲೆ ಕಣ್ಣು ಹಾಕಿ, ಒಪ್ಪದಿದ್ದಾಗ ಹಾದರದ ಸುಳ್ಳು ಆರೋಪ ಹೊರಿಸುತ್ತಾರೆ. ಹುಡುಗ ದಾನಿಯೇಲ ಇಬ್ಬರನ್ನೂ ಬೇರೆಬೇರೆ ನಿಲ್ಲಿಸಿ ಕೇಳುವುದು ಒಂದೇ ಪ್ರಶ್ನೆ: ಯಾವ ಮರದ ಕೆಳಗೆ ನೋಡಿದಿರಿ? ಒಬ್ಬ ಒಂದು ಮರ ಹೇಳಿದ, ಇನ್ನೊಬ್ಬ ಓಕ್. ಅಲ್ಲಿಗೆ ಸಿಕ್ಕಿಬಿದ್ದರು! ನಾನು ಈ ಕಥೆ ಹೇಳಿ ಎಷ್ಟೋ ಮಕ್ಕಳ ಜಗಳ ಬಿಡಿಸಿದ್ದೇನೆ.

ಹಾಸನದ ಅಪ್ಪ: ಯಾವ ಹೂವು ಟೀಚರ್? ಗೂಗಲ್‌ನಲ್ಲಿ ಒಂದು ಕಡೆ ಲಿಲ್ಲಿ, ಇನ್ನೊಂದು ಕಡೆ ಗುಲಾಬಿ.

ಕೆರೆಹುಚ್ಚ: ಗುಲಾಬಿ ಈಗಿನ ಇಸ್ರೇಲಿನ ಆಡುಮಾತಿನ ಅರ್ಥ. ಹಿಂದಕ್ಕೆ ಹೋದರೆ ಈಜಿಪ್ಟಿನ "ಸೆಶೆನ್" ಸಿಗುತ್ತೆ. ಪುಸ್ತಕಗಳು ಅದನ್ನು ತಾವರೆ ಅಂತ ಬರೀತವೆ, ನಿಜಕ್ಕೂ ಅದು ನೈದಿಲೆ. ಅಲ್ಲಿನ ಗೋರಿಗಳ ಚಿತ್ರದಲ್ಲಿ ಹೆಂಗಸರು ಮೂಗಿನ ಹತ್ತಿರ ಹಿಡಿದಿರೋದು ನೀಲಿ ನೈದಿಲೆ. ಗುರುತು ಸುಲಭ: ನೈದಿಲೆ ಎಲೆಗೆ ತೊಟ್ಟಿನ ತನಕ ಒಂದು ಸೀಳು ಇರುತ್ತೆ, ನೀರಿನ ಮೇಲೆ ಮಲಗಿರುತ್ತೆ. ತಾವರೆ ಎಲೆಗೆ ಸೀಳಿಲ್ಲ, ನೀರು ಬಿಟ್ಟು ಮೇಲೇಳುತ್ತೆ.

ಹಾಸನದ ಅಪ್ಪ: ಇಬ್ಬರಿಗೂ ಥ್ಯಾಂಕ್ಸ್. ನಮ್ಮಮ್ಮನ ಹೆಸರು ಕಮಲ. ಟೀಚರ್ ಮೆಸೇಜ್ ನೋಡಿದ ಕೂಡಲೇ "ಮೊಮ್ಮಗಳಿಗೆ ನಿನ್ನ ಹೆಸರೇ ಕಣಮ್ಮ" ಅಂತ ಊಹೆ ಮೇಲೆ ಹೇಳಿಬಿಟ್ಟೆ, ಬೀದಿಗೆಲ್ಲಾ ಸಾರಿಕೊಂಡು ಬಂದಿದ್ದಾರೆ. ಸೀಳಿನ ವಿಷಯ ಸದ್ಯಕ್ಕೆ ನಮ್ಮನಮ್ಮಲ್ಲೇ ಇರಲಿ.