ಲ್ಯಾಬ್ ಮರಿಗೆ ಹಿಪ್ ಡಿಸ್‌ಪ್ಲೇಸಿಯಾ: ವಂಶದಿಂದ ಬಂದದ್ದಾ, ಸಾಕಿದ್ದರಲ್ಲಿ ಹೆಚ್ಚುಕಮ್ಮಿಯಾ?

ಕೇಳಿದವರು, ದಾವಣಗೆರೆ

ನಮ್ಮ ಲ್ಯಾಬ್ರಡಾರ್ ಹೆಣ್ಣುಮರಿಗೆ ಈಗ ಹತ್ತು ತಿಂಗಳು. ಓಡುವಾಗ ಹಿಂದಿನ ಎರಡೂ ಕಾಲು ಜೋಡಿಸಿಕೊಂಡು ಮೊಲದ ಹಾಗೆ ಕುಪ್ಪಳಿಸುತ್ತಾಳೆ. ಮಲಗಿದರೆ ಏಳೋದು ಕಷ್ಟ. ಡಾಕ್ಟರ್ ಎಕ್ಸ್‌ರೇ ನೋಡಿ ಹಿಪ್ ಡಿಸ್‌ಪ್ಲೇಸಿಯಾ, ಅಂದರೆ ಸೊಂಟದ ಕೀಲು ಸರಿಯಾಗಿ ಕೂರದ ತೊಂದರೆ ಅಂದರು. ಮರಿ ಕೊಟ್ಟವರನ್ನು ಕೇಳಿದರೆ "ಅಪ್ಪ ಅಮ್ಮ ಎರಡೂ ಗಟ್ಟಿಮುಟ್ಟಾಗಿವೆ, ಪೇಪರ್ ಇದೆ, ನೀವೇ ಸರಿಯಾಗಿ ಸಾಕಿಲ್ಲ" ಅಂತಾರೆ. ನಿಜವಾ? ಇದಕ್ಕೆ ಡಿಎನ್‌ಎ ಪರೀಕ್ಷೆ ಇದೆಯಾ? ಒಂದು ಸಲ ಮರಿ ಹಾಕಿಸಬೇಕು ಅಂತ ಮನೆಯಲ್ಲಿ ಆಸೆ ಬೇರೆ. ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ, ಮೈಸೂರು

ಮೇಡಂ, ಮೊದಲು ಆ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಮ್ಮ ಜರ್ಮನ್ ಶೆಫರ್ಡ್‌ಗೂ ಇದೇ ತೊಂದರೆ ಇತ್ತು. ನಮಗೂ ಇದೇ ಉತ್ತರ ಸಿಕ್ಕಿತ್ತು.

ಮರಿ ಹುಟ್ಟುವಾಗ ಸೊಂಟದ ಕೀಲು ಸರಿಯಾಗೇ ಇರುತ್ತದೆ. ಬೆಳೆಯುತ್ತಾ ಬೆಳೆಯುತ್ತಾ ಕೆಲವು ಮರಿಗಳಲ್ಲಿ ಕೀಲು ಸಡಿಲವಾಗುತ್ತದೆ. ತೊಡೆಮೂಳೆಯ ಗುಂಡು ತಲೆ ಅದರ ಬಟ್ಟಲಿನಲ್ಲಿ ಗಟ್ಟಿಯಾಗಿ ಕೂರುವುದಿಲ್ಲ, ಅಲ್ಲಾಡುತ್ತದೆ. ಸವೆದು ಸವೆದು ಸಂಧಿವಾತ ಶುರುವಾಗುತ್ತದೆ. ಈ ಸಡಿಲತನ ಬಹುಪಾಲು ವಂಶದಿಂದ ಬರುವ ಗುಣ. ಊಟ, ತೂಕ, ನೆಲ ಇವೆಲ್ಲ ಅದನ್ನು ಜಾಸ್ತಿ ಮಾಡಬಹುದು ಅಥವಾ ಕಮ್ಮಿ ಮಾಡಬಹುದು, ಅಷ್ಟೇ.

ಡಿಎನ್‌ಎ ವಿಷಯಕ್ಕೆ ಬರೋಣ. ಲ್ಯಾಬ್ರಡಾರ್‌ಗಳಲ್ಲಿ ಕಣ್ಣು ಕುರುಡಾಗುವ ಒಂದು ಕಾಯಿಲೆಗೆ ಒಂದೇ ಜೀನ್ ಕಾರಣ. ಅದಕ್ಕೆ ಪರೀಕ್ಷೆ ಇದೆ, ಇದೆ ಅಥವಾ ಇಲ್ಲ ಅಂತ ಸ್ಪಷ್ಟವಾಗಿ ಹೇಳಬಹುದು. ಸೊಂಟದ ಕಥೆ ಹಾಗಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಇದನ್ನು ಹುಡುಕಲು ಲ್ಯಾಬ್ರಡಾರ್‌ಗೂ ಗ್ರೇಹೌಂಡ್‌ಗೂ ಕ್ರಾಸ್ ಮಾಡಿಸಿದರು. ಗ್ರೇಹೌಂಡ್‌ಗೆ ಈ ತೊಂದರೆ ಬರುವುದೇ ಅಪರೂಪ, ಲ್ಯಾಬ್‌ಗೆ ಮಾಮೂಲಿ. ಹುಟ್ಟಿದ ಪೀಳಿಗೆಗಳಲ್ಲಿ ಯಾವುದರ ಕೀಲು ಸಡಿಲ, ಅದಕ್ಕೆ ಯಾರ ಕಡೆಯಿಂದ ಯಾವ ಡಿಎನ್‌ಎ ತುಂಡು ಬಂದಿದೆ ಅಂತ ಜೋಡಿಸಿ ನೋಡಿದರು. ಸಿಕ್ಕಿದ್ದು ಒಂದು ಜಾಗವಲ್ಲ, ಬೇರೆ ಬೇರೆ ಕ್ರೋಮೋಸೋಮುಗಳಲ್ಲಿ ಹಲವು ಜಾಗಗಳು. ಒಂದೊಂದರ ಪಾಲೂ ಸಣ್ಣದು. ಹಾಗಾಗಿ "ಹಿಪ್ ಡಿಎನ್‌ಎ ಟೆಸ್ಟ್ ಮಾಡಿಸಿದ್ದೇವೆ, ಕ್ಲಿಯರ್" ಅಂತ ಯಾರಾದರೂ ಅಂದರೆ ನಂಬಬೇಡಿ. ಈ ಕಾಯಿಲೆಗೆ ಹಾಗೆ ಒಂದೇ ಮಾತಿನಲ್ಲಿ ತೀರ್ಪು ಕೊಡುವ ಪರೀಕ್ಷೆ ಇಲ್ಲ.

ಹಲವು ಜೀನ್ ಸೇರಿ ಆಗುವುದರಿಂದಲೇ ಅಪ್ಪ ಅಮ್ಮ ಚೆನ್ನಾಗಿದ್ದರೂ ಮರಿಗೆ ಬರಬಹುದು. ಅಲ್ಲದೆ "ಚೆನ್ನಾಗಿವೆ" ಅಂದರೆ ಏನು? ಎಕ್ಸ್‌ರೇ ತೆಗೆಸಿದ್ದಾರಾ? ಕೀಲು ಕೆಟ್ಟಿದ್ದರೂ ಕುಂಟದೆ ಓಡಾಡುವ ನಾಯಿಗಳು ಬೇಕಾದಷ್ಟಿವೆ. ಕೆನಲ್ ಕ್ಲಬ್ ಪೇಪರ್ ಹೇಳುವುದು ವಂಶಾವಳಿಯನ್ನು, ಕೀಲಿನ ಸ್ಥಿತಿಯನ್ನಲ್ಲ. ಅಮೆರಿಕದಲ್ಲಿ ಓಎಫ್‌ಎ ಅನ್ನುವ ಸಂಸ್ಥೆ 1966ರಿಂದ ಈ ಎಕ್ಸ್‌ರೇಗಳನ್ನು ನೋಡಿ ದರ್ಜೆ ಕೊಡುತ್ತಿದೆ. ನಾಯಿಗೆ ಎರಡು ವರ್ಷ ತುಂಬುವ ಮುಂಚೆ ಅಂತಿಮ ಸರ್ಟಿಫಿಕೇಟ್ ಕೊಡುವುದಿಲ್ಲ.

ನನಗೆ ತುಂಬಾ ಭರವಸೆ ಕೊಟ್ಟಿದ್ದು ಸೀಯಿಂಗ್ ಐ ಸಂಸ್ಥೆಯ ಕೆಲಸ. ನ್ಯೂಜೆರ್ಸಿಯಲ್ಲಿ ಅಂಧರಿಗೆ ದಾರಿ ತೋರಿಸುವ ನಾಯಿಗಳನ್ನು ಬೆಳೆಸುವವರು ಅವರು. ಒಂದು ನಾಯಿಯ ಎಕ್ಸ್‌ರೇಯನ್ನಷ್ಟೇ ನೋಡದೆ ಅದರ ಒಡಹುಟ್ಟಿದವು, ಮರಿಗಳು, ಬಂಧುಬಳಗ ಎಲ್ಲದರ ಲೆಕ್ಕ ಹಾಕಿ ಜೋಡಿ ಆರಿಸಿದರು. ಐದು ತಲೆಮಾರು ತುಂಬುವುದರೊಳಗೆ ಜರ್ಮನ್ ಶೆಫರ್ಡ್‌ಗಳಲ್ಲಿ ಈ ಕಾಯಿಲೆ ಶೇ. 55ರಿಂದ 24ಕ್ಕೆ ಇಳಿಯಿತು. ಲ್ಯಾಬ್‌ಗಳಲ್ಲಿ ಶೇ. 30ರಿಂದ 10ಕ್ಕೆ. 1997ರಲ್ಲಿ ಇದು ಪ್ರಕಟವಾಯಿತು. ಯಾವ ಜೀನ್ ಅಂತ ಗೊತ್ತಿಲ್ಲದೆಯೇ ಇಷ್ಟು ಸಾಧಿಸಿದರು! ನಮ್ಮಲ್ಲೂ ಬ್ರೀಡರ್‌ಗಳು ಎಕ್ಸ್‌ರೇ ತೆಗೆಸಿ, ಕೆಟ್ಟ ಫಲಿತಾಂಶವನ್ನೂ ಮುಚ್ಚಿಡದೆ ಹೇಳಿದರೆ ಖಂಡಿತ ಆಗುತ್ತದೆ.

ನಿಮ್ಮ ಹುಡುಗಿಗೆ ಮರಿ ಹಾಕಿಸುವ ಆಸೆ ಮಾತ್ರ ಬಿಟ್ಟುಬಿಡಿ. ಹೊಟ್ಟೆಯ ಭಾರ ಅವಳ ಕೀಲಿಗೆ ಕಷ್ಟ. ಮರಿಗಳಿಗೂ ಅದೇ ಪಾಲು ಹೋಗುತ್ತದೆ.

ಉತ್ತರ, ಹುಬ್ಬಳ್ಳಿ

ಅಕ್ಕಾರೆ, ಮೈಸೂರಿನವರು ಹೇಳಿದ್ದೆಲ್ಲ ಸರಿ. ಆದರೆ ನಿಮ್ಮ ಕೈಯಲ್ಲೂ ಬಹಳ ಇದೆ. ತೂಕ ಇಳಿಸಿ. ಒಂದೇ ಸೂಲಿನ ಲ್ಯಾಬ್ ಮರಿಗಳನ್ನು ಜೋಡಿ ಮಾಡಿ, ಒಟ್ಟು 48 ನಾಯಿಗಳ ಮೇಲೆ ಜೀವಮಾನ ಪೂರ್ತಿ ನಡೆಸಿದ ಅಧ್ಯಯನ ಒಂದಿದೆ. ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲುಭಾಗ ಕಡಿಮೆ ಊಟ. ಕಡಿಮೆ ತಿಂದವುಗಳಲ್ಲಿ ಸೊಂಟದ ತೊಂದರೆ, ಸಂಧಿವಾತ ಎರಡೂ ಕಮ್ಮಿ. ಸುಮಾರು ಎರಡು ವರ್ಷ ಜಾಸ್ತಿ ಬದುಕಿದವು ಕೂಡ. ನಮ್ಮ ಕಡೆ ಲ್ಯಾಬ್ ದುಂಡಗಿದ್ದರೆ ಎಲ್ಲರಿಗೂ ಖುಷಿ. ಕೈಯಾಡಿಸಿದರೆ ಪಕ್ಕೆಲುಬು ಸಿಗಬೇಕು, ಅದೇ ಸರಿಯಾದ ಮೈ.

ಕ್ಯಾಲ್ಸಿಯಂ ಸಿರಪ್ ಕೊಡುತ್ತಿದ್ದೀರಾ? ಡಾಕ್ಟರ್ ಹೇಳದಿದ್ದರೆ ನಿಲ್ಲಿಸಿ. ದೊಡ್ಡ ತಳಿಯ ಮರಿಗೆ ಕ್ಯಾಲ್ಸಿಯಂ ಅತಿಯಾದರೆ ಮೂಳೆ ಬೆಳವಣಿಗೆಯೇ ಕೆಡುತ್ತದೆ. ಟೈಲ್ಸ್ ಮೇಲೆ ಜಾರದ ಹಾಗೆ ಓಡಾಡುವ ಕಡೆ ನಾರಿನ ಮ್ಯಾಟ್ ಹಾಕಿ. ನಾವು ಊಟದ ತಟ್ಟೆಯ ಮುಂದೆ ಗೋಣಿಚೀಲ ಹಾಸಿದ್ದೆವು. ತಿನ್ನುವಾಗ ಹಿಂಗಾಲು ಎರಡೂ ಕಡೆ ಜಾರಿ ಅಗಲವಾಗೋದು ನಿಂತಿತು. ಮಾಳಿಗೆ ಮೆಟ್ಟಿಲು ಬೇಡ. ನಾರ್ವೆಯ ಅಧ್ಯಯನ ಒಂದರಲ್ಲಿ, ಮೂರು ತಿಂಗಳ ಒಳಗೆ ಮೆಟ್ಟಿಲು ಹತ್ತಿ ಇಳಿದ ಮರಿಗಳಿಗೆ ಈ ಕಾಯಿಲೆ ಬರುವ ಸಂಭವ ಜಾಸ್ತಿ ಇತ್ತು. ಮೆತ್ತಗಿನ ನೆಲದಲ್ಲಿ ಬಿಡುಬೀಸಾಗಿ ಆಡಿದವಕ್ಕೆ ಕಮ್ಮಿ.

ನೋವು ಅಂತ ಮನೆಯಲ್ಲಿರುವ ಬ್ರುಫೆನ್ ಮಾತ್ರ ಕೊಡಬೇಡಿ. ನಾಯಿಗೆ ಅದು ವಿಷ.

ಉತ್ತರ, ಬೆಂಗಳೂರು

ಒಂದು ವಿಷಯ ಸೇರಿಸುತ್ತೇನೆ. ಪೆನ್‌ಹಿಪ್ ಅಂತ ಇನ್ನೊಂದು ವಿಧಾನ ಇದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಗೇಲ್ ಸ್ಮಿತ್ ರೂಪಿಸಿದ್ದು. ಕೀಲು ಎಷ್ಟು ಸಡಿಲ ಅಂತ ಅಳೆದು ಅಂಕಿಯಲ್ಲಿ ಹೇಳುತ್ತದೆ, 16 ವಾರದ ಮರಿಗೂ ಮಾಡಬಹುದು. 0.3ಕ್ಕಿಂತ ಕಡಿಮೆ ಬಂದರೆ ಮುಂದೆ ಸಂಧಿವಾತದ ಭಯ ತೀರಾ ಕಮ್ಮಿ.

ನಿಮ್ಮ ಮರಿಗೆ ಹತ್ತು ತಿಂಗಳು ಅಂದಿರಿ. ಸಂಧಿವಾತ ಇನ್ನೂ ಶುರುವಾಗಿರದಿದ್ದರೆ ಬಟ್ಟಲನ್ನು ತಿರುಗಿಸಿ ಕೂರಿಸುವ ಶಸ್ತ್ರಚಿಕಿತ್ಸೆಗೆ ಈ ವಯಸ್ಸು ಹೆಚ್ಚು ಕಡಿಮೆ ಕೊನೆಯ ಅವಕಾಶ. ಸುಮ್ನೆ ದಿನ ತಳ್ಳದೆ ಈ ವಾರವೇ ಮೂಳೆ ನೋಡುವ ಪಶುವೈದ್ಯರಿಗೆ ಎಕ್ಸ್‌ರೇ ತೋರಿಸಿ.

ಕೇಳಿದವರು, ದಾವಣಗೆರೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅದೇ ಸೂಲಿನ ಇನ್ನೊಂದು ಮರಿ ತೆಗೆದುಕೊಂಡವರು ಹರಿಹರದಲ್ಲಿದ್ದಾರೆ. ಫೋನ್ ಮಾಡಿದೆ. ಅದೂ ಈಗೀಗ ಏಳೋಕೆ ತಡ ಮಾಡುತ್ತದಂತೆ. ಎಕ್ಸ್‌ರೇ ತೆಗೆಸಿ ಅಂತ ಹೇಳಬಹುದಾ?

ಉತ್ತರ, ಮೈಸೂರು

ಖಂಡಿತ ಹೇಳಿ ಮೇಡಂ. ಇಬ್ಬರ ಎಕ್ಸ್‌ರೇಯನ್ನೂ ಮರಿ ಕೊಟ್ಟವರಿಗೆ ಕಳಿಸಿ. ಜಗಳಕ್ಕಲ್ಲ, ಅದೇ ಜೋಡಿಯನ್ನು ಮತ್ತೆ ಕ್ರಾಸ್ ಮಾಡಿಸಬೇಡಿ ಅಂತ ಕೇಳಿಕೊಳ್ಳೋಕೆ. ಎಕ್ಸ್‌ರೇಗೆ ಮತ್ತು ಬರಿಸುವ ಇಂಜೆಕ್ಷನ್ ಕೊಡುತ್ತಾರೆ. ಊಟ ಎಷ್ಟು ಹೊತ್ತಿಗೆ ನಿಲ್ಲಿಸಬೇಕು ಅಂತ ಮುಂಚೆಯೇ ಕೇಳಿಕೊಂಡು ಹೋಗಲಿ.