ಕಿವಿ ಮಂದವಾಗುತ್ತಿದೆ: ವಯಸ್ಸಿನದೆಷ್ಟು, ಉಳಿದ ಕಾರಣಗಳದೆಷ್ಟು? ಗೊತ್ತಿದ್ದವರು ಹೇಳಿ

ಕೇಳಿದ್ದು: ನಮ್ಮಣ್ಣನಿಗೆ 52. ತಗಡು ಕತ್ತರಿಸಿ, ಉಜ್ಜಿ, ಬಣ್ಣ ಹೊಡೆಯುವ ಶೆಡ್‌ನಲ್ಲಿ ಕೆಲಸ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ದಿನಕ್ಕೆ ಏಳೆಂಟು ಸಿಗರೇಟು ಸೇದುತ್ತಾರೆ. ಟಿವಿ ಸದ್ದು ಏರುತ್ತಾ ಹೋಗುತ್ತಿದೆ. ನಾಲ್ಕು ಜನ ಸೇರಿದ ಕಡೆ ಮಾತು ಹಿಡಿಯಲು ಕಷ್ಟಪಡುತ್ತಾರೆ. ಕೇಳಿದರೆ ‘ವಯಸ್ಸಾಯ್ತು ಬಿಡು’ ಅನ್ನುತ್ತಾರೆ. ಇದು ನಿಜಕ್ಕೂ ವಯಸ್ಸಿನದೇನಾ? ಮೊದಲು ಯಾವುದನ್ನು ಸರಿಮಾಡಬೇಕು?

ಆಡಿಯಾಲಜಿಸ್ಟ್: 52ಕ್ಕೇ ವಯಸ್ಸಿನ ಮೇಲೆ ಹೊರೆ ಹೊರಿಸಿ ಸುಮ್ಮನಾಗಬೇಡಿ. ಒಂದೊಂದು ಕಾರಣಕ್ಕೆ ಇಷ್ಟಿಷ್ಟು ಪಾಲು ಎಂದು ಯಾರೂ ಅಳೆದು ಹೇಳಲಾರರು, ಆದರೆ ಆಡಿಯೋಗ್ರಾಂ (ಯಾವ ಸ್ವರ ಎಷ್ಟು ಕೇಳಿಸುತ್ತದೆ ಎಂದು ತೋರಿಸುವ ಗೆರೆ) ತಕ್ಕಮಟ್ಟಿಗೆ ಸುಳಿವು ಕೊಡುತ್ತದೆ. ಗದ್ದಲದಿಂದ ಆದ ಹಾನಿ ಸಾಮಾನ್ಯವಾಗಿ 3000ರಿಂದ 6000 ಹರ್ಟ್ಸ್ (ಸ್ವರದ ಏರಿಳಿತದ ಅಳತೆ) ನಡುವೆ, ಹೆಚ್ಚಾಗಿ 4000ದ ಆಸುಪಾಸು, ಗುಂಡಿ ಬಿದ್ದಂತೆ ಕಾಣುತ್ತದೆ, 8000ಕ್ಕೆ ಗೆರೆ ಮತ್ತೆ ಸ್ವಲ್ಪ ಮೇಲೇಳುತ್ತದೆ. ವಯಸ್ಸಿನದಾದರೆ ಗೆರೆ 8000ದವರೆಗೂ ಇಳಿಜಾರಾಗಿ ಇಳಿಯುತ್ತಲೇ ಹೋಗುತ್ತದೆ. ಎರಡೂ ಸೇರಿ ವರ್ಷಗಳಾದರೆ ಗುಂಡಿ ಇಳಿಜಾರಿನಲ್ಲಿ ಮುಚ್ಚಿಹೋಗುತ್ತದೆ. ಬೇಗ ಪರೀಕ್ಷೆ ಮಾಡಿಸಿ ಎಂದು ಒತ್ತಿ ಹೇಳುವುದು ಇದಕ್ಕೂ ಸೇರಿಯೇ.

ಪರೀಕ್ಷೆಗೆ ಹೋಗುವ ಮುಂಚೆ ಕನಿಷ್ಠ 14 ಗಂಟೆ ಗದ್ದಲದಿಂದ ದೂರ ಇರಬೇಕು. ಪಾಳಿ ಮುಗಿಸಿ ನೇರವಾಗಿ ಬಂದರೆ ಅಂದಿನ ತಾತ್ಕಾಲಿಕ ಮಂದತನವೂ ಲೆಕ್ಕಕ್ಕೆ ಸೇರಿ ಫಲಿತಾಂಶ ಕೆಟ್ಟದಾಗಿ ಬರುತ್ತದೆ. ವಾರದ ರಜೆಯ ಮರುದಿನ ಬೆಳಿಗ್ಗೆ, ಕೆಲಸಕ್ಕೆ ಹೋಗುವ ಮೊದಲು ಮಾಡಿಸುವುದು ಒಳ್ಳೆಯದು. 3000 ಮತ್ತು 6000 ಹರ್ಟ್ಸ್ ಎರಡನ್ನೂ ನೋಡಿ ಎಂದು ಬಾಯಿಬಿಟ್ಟು ಕೇಳಿ, ಅವಸರದಲ್ಲಿ ಇವೆರಡನ್ನು ಬಿಡುವುದುಂಟು. ಕಿವಿಯ ಹಿಂದಿನ ಮೂಳೆಯ ಮೂಲಕ ಕೇಳಿಸುವ ಪರೀಕ್ಷೆಯೂ ಆಗಬೇಕು. ತೊಂದರೆ ಹೊರಕಿವಿ, ನಡುಕಿವಿಯದೋ ಒಳಕಿವಿಯದೋ ಎಂದು ತಿಳಿಯುವುದು ಅದರಿಂದಲೇ. ಗದ್ದಲದ ನಡುವೆ ಮಾತು ಹಿಡಿಯುವ ಪರೀಕ್ಷೆಯನ್ನೂ ಕೇಳಿ, ಏಕೆಂದರೆ ನಿಮ್ಮಣ್ಣನ ಮುಖ್ಯ ದೂರೇ ಅದು. ಮೌನದ ಕೋಣೆಯಲ್ಲಿ ಗೆರೆ ಪರವಾಗಿಲ್ಲ ಎಂದು ಕಂಡರೂ ಸಂತೆಯಂಥ ಸದ್ದಿನಲ್ಲಿ ಮಾತು ಕಲಸಿಹೋಗಬಹುದು.

ವಿಶ್ವ ಆರೋಗ್ಯ ಸಂಸ್ಥೆಯ 2021ರ ವಿಂಗಡಣೆಯಲ್ಲಿ, ಚೆನ್ನಾಗಿ ಕೇಳುವ ಕಿವಿಗೆ ಕೇಳಿಸುವ ಅತಿ ಸಣ್ಣ ಸದ್ದು 20 ಡೆಸಿಬಲ್‌ಗಿಂತ ಕಡಿಮೆ ಇದ್ದರೆ ಸರಿಯಾದ ಶ್ರವಣ, 20ರಿಂದ 35ರವರೆಗೆ ಸಣ್ಣ ದೋಷ, 35ರಿಂದ 50ರವರೆಗೆ ಮಧ್ಯಮ. ವರದಿಯ ಪ್ರತಿಯನ್ನು ಜೋಪಾನವಾಗಿಡಿ. ಮುಂದಿನ ವರ್ಷದ ವರದಿಗೆ ಅರ್ಥ ಬರುವುದು ಇದರ ಪಕ್ಕದಲ್ಲಿಟ್ಟಾಗ ಮಾತ್ರ.

ಕಾರ್ಖಾನೆ ಸುರಕ್ಷತೆ: ನನ್ನನ್ನು ಕೇಳಿದರೆ ಮೊದಲು ಹಿಡಿಯಬೇಕಾದದ್ದು ಶೆಡ್ಡಿನ ಸದ್ದು. ಸದ್ದನ್ನು ಗ್ರಹಿಸುವ ಒಳಕಿವಿಯ ರೋಮಕೋಶಗಳು ಒಂದೊಂದು ಕಿವಿಯಲ್ಲಿ ಹದಿನೈದು ಸಾವಿರದಷ್ಟು ಇರುತ್ತವೆ, ಸತ್ತವು ಮತ್ತೆ ಹುಟ್ಟುವುದಿಲ್ಲ.

ಲೆಕ್ಕ ಹೀಗಿದೆ: 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಹೆಚ್ಚೆಂದರೆ 8 ಗಂಟೆ ಇರಬಹುದು. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗ ಸಮಯ ಅರ್ಧವಾಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1, 100ಕ್ಕೆ ಬರೀ 15 ನಿಮಿಷ. ಉಜ್ಜುವ ಆ್ಯಂಗಲ್ ಗ್ರೈಂಡರ್ ಸಾಮಾನ್ಯವಾಗಿ 95 ದಾಟುತ್ತದೆ. ಮೀಟರ್ ಇಲ್ಲದಿದ್ದರೆ ಹೀಗೆ ಅಂದಾಜು ಮಾಡಿ: ಒಂದು ತೋಳಿನಷ್ಟು (ಸುಮಾರು ಮೂರು ಅಡಿ) ದೂರದಲ್ಲಿ ನಿಂತವರಿಗೆ ದನಿ ಏರಿಸದೆ ಮಾತು ಮುಟ್ಟುತ್ತಿಲ್ಲವೆಂದರೆ 85ರ ಗಡಿ ದಾಟಿದೆ.

ಕಿವಿಗೆ ಫೋಮ್ ಪ್ಲಗ್ ಹಾಕುವುದನ್ನು ಬಹಳಷ್ಟು ಜನ ತಪ್ಪು ಮಾಡುತ್ತಾರೆ. ಕೈ ತೊಳೆದು, ಪ್ಲಗ್ಗನ್ನು ಬೆರಳುಗಳ ನಡುವೆ ಮಡಿಕೆ ಬೀಳದಂತೆ ತೆಳ್ಳಗೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ಭಾಗವನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ, ಆಗ ಕಿವಿನಾಳ ನೆಟ್ಟಗಾಗುತ್ತದೆ. ಪ್ಲಗ್ ಒಳಗಿಟ್ಟು, ಅದು ಉಬ್ಬುವ ತನಕ 20–30 ಸೆಕೆಂಡ್ ಬೆರಳಲ್ಲಿ ಒತ್ತಿ ಹಿಡಿಯಿರಿ. ಎದುರಿನಿಂದ ನೋಡಿದವರಿಗೆ ಪ್ಲಗ್ಗಿನ ತುದಿ ಚಾಚಿಕೊಂಡು ಕಂಡರೆ ಅದು ಒಳಗೆ ಕೂತಿಲ್ಲ. ತೆಗೆದು ಮತ್ತೆ ಹಾಕಿ. ಹತ್ತಿ ತುರುಕಿದರೆ ಏನೂ ಸಾಲದು.

ಪೊಟ್ಟಣದ ಮೇಲಿನ ಎನ್‌ಆರ್‌ಆರ್ (ಎಷ್ಟು ಡೆಸಿಬಲ್ ತಡೆಯುತ್ತದೆ ಎಂಬ) ಅಂಕಿಯನ್ನು ಹಾಗೆಯೇ ನಂಬಬೇಡಿ. ಅದರಲ್ಲಿ 7 ಕಳೆದು ಅರ್ಧ ಮಾಡಿ. 29 ಎಂದಿದ್ದರೆ ಕೈಗೆ ಸಿಗುವುದು 11. 98 ಡೆಸಿಬಲ್ ಇರುವ ಕಡೆ ಕಿವಿಗೆ ಬೀಳುವುದು 87, ಅಂದರೆ ಸುಮಾರು 5 ಗಂಟೆ ಅಷ್ಟೇ. ಪ್ಲಗ್ಗಿನ ಮೇಲೆ ಮಫ್ (ಇಡೀ ಕಿವಿ ಮುಚ್ಚುವ ಬಟ್ಟಲು) ಹಾಕಿದರೆ ಇನ್ನೊಂದು 5 ಡೆಸಿಬಲ್ ಸೇರುತ್ತದೆ, ಎರಡರ ಅಂಕಿ ಕೂಡಿಸಬಾರದು. ಕನ್ನಡಕದ ಕಡ್ಡಿ ಮಫ್ಫಿನ ಮೆತ್ತೆಯನ್ನು ಎತ್ತಿ ಹಿಡಿದರೆ ಆ ಸಂದಿಯಿಂದ ಸದ್ದು ನುಗ್ಗುತ್ತದೆ.

ಇನ್ನೂ ಒಂದು ಮಾತು. 30 ಡೆಸಿಬಲ್ ತಡೆಯುವ ಸಾಧನವನ್ನು 8 ಗಂಟೆಯಲ್ಲಿ ಅರ್ಧ ಗಂಟೆ ತೆಗೆದಿಟ್ಟರೂ ದಿನದ ಒಟ್ಟು ರಕ್ಷಣೆ 12ಕ್ಕೆ ಕುಸಿಯುತ್ತದೆ. ‘ಮಾತಾಡೋಕೆ ಅಂತ ಆಗಾಗ ತೆಗೀತೀನಿ’ ಅನ್ನುವವರ ಕಿವಿ ಹೋಗುವುದು ಹೀಗೆ. ಮಾತಾಡಬೇಕಾದರೆ ಸದ್ದಿನಿಂದ ಹೊರಗೆ ಬನ್ನಿ, ಆಮೇಲೆ ತೆಗೆಯಿರಿ.

ಕೇಳಿದವರು: ಅಣ್ಣ ಕೆಲಸ ಮಾಡುವಾಗ ಇಯರ್‌ಫೋನ್ ಹಾಕಿಕೊಂಡು ಹಾಡು ಕೇಳುತ್ತಾರೆ. ಅದೂ ಪ್ಲಗ್ಗಿನ ಹಾಗೆ ತಡೆಯುವುದಿಲ್ಲವೇ?

ಕಾರ್ಖಾನೆ ಸುರಕ್ಷತೆ: ಇಲ್ಲ, ಅದು ಎರಡು ಪಟ್ಟು ಅಪಾಯ. ಗ್ರೈಂಡರ್ ಸದ್ದಿನ ಮೇಲೆ ಹಾಡು ಕೇಳಬೇಕಾದರೆ ವಾಲ್ಯೂಮ್ ಅದಕ್ಕಿಂತ ಮೇಲೆ ಹೋಗಲೇಬೇಕು. ಶೆಡ್ಡಿನಲ್ಲಿ ಬೇಡವೇ ಬೇಡ. ಶಾಂತವಾದ ಜಾಗದಲ್ಲಿ ಕೇಳುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 80 ಡೆಸಿಬಲ್, ವಾರಕ್ಕೆ 40 ಗಂಟೆ. ಫೋನಿನ ಸೆಟ್ಟಿಂಗ್‌ನಲ್ಲಿ ಗರಿಷ್ಠ ವಾಲ್ಯೂಮ್ ಮಿತಿ ಹಾಕಿಡಬಹುದು.

ಔದ್ಯೋಗಿಕ ಆರೋಗ್ಯ: ಬಣ್ಣ ಹೊಡೆಯುವ ಕೆಲಸವೂ ಇದೆ ಎಂದಿರಿ, ಅದನ್ನು ಮರೆಯಬಾರದು. ತಿನ್ನರ್‌ನಲ್ಲಿರುವ ಟಾಲೂಯೀನ್, ಜೈಲೀನ್, ಫೈಬರ್ ಕೆಲಸದ ರಾಳದಲ್ಲಿರುವ ಸ್ಟೈರೀನ್ ಒಳಕಿವಿಗೆ ವಿಷ. ಗದ್ದಲದ ಜೊತೆ ಸೇರಿದರೆ ಹಾನಿ ಇನ್ನೂ ಹೆಚ್ಚು. ಸೀಸ, ಪಾದರಸ, ಕಾರ್ಬನ್ ಮಾನಾಕ್ಸೈಡ್ ಕೂಡ ಇದೇ ಪಟ್ಟಿಗೆ ಸೇರಿದವು. ಧೂಳಿನ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ, ಸಾವಯವ ಆವಿಗೆಂದೇ ಮಾಡಿದ ಇದ್ದಿಲ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಮಾಸ್ಕ್ ಹಾಕಿದ ಮೇಲೂ ತಿನ್ನರ್ ವಾಸನೆ ಬಂದರೆ ಕಾರ್ಟ್ರಿಜ್ ಮುಗಿದಿದೆ ಇಲ್ಲವೇ ಮುಖಕ್ಕೆ ಸರಿಯಾಗಿ ಕೂತಿಲ್ಲ. ಗಡ್ಡವಿದ್ದರೆ ಅಂಚು ಮುಚ್ಚುವುದೇ ಇಲ್ಲ. ತಿನ್ನರ್‌ನಲ್ಲಿ ಕೈ ತೊಳೆಯುವ ರೂಢಿ ಬಿಡಿಸಿ, ಚರ್ಮದ ಮೂಲಕವೂ ಅದು ಒಳಗೆ ಹೋಗುತ್ತದೆ. ಬಣ್ಣ ಹೊಡೆಯುವ ಜಾಗವನ್ನೂ ಉಜ್ಜುವ ಜಾಗವನ್ನೂ ಬೇರೆ ಮಾಡಿದರೆ ಎರಡೂ ಒಟ್ಟಿಗೆ ತಾಗುವುದು ತಪ್ಪುತ್ತದೆ.

ವೈದ್ಯೆ, ಸಾಮಾನ್ಯ ಚಿಕಿತ್ಸೆ: ಸದ್ದಿನದೇ ಮೊದಲ ಪಾಲು ಎನ್ನುವುದನ್ನು ಒಪ್ಪುತ್ತೇನೆ, ಆದರೆ ಸಕ್ಕರೆ ಮತ್ತು ಸಿಗರೇಟನ್ನು ಆಮೇಲೆ ನೋಡೋಣ ಎಂದು ಮುಂದೂಡಬೇಡಿ. ಒಳಕಿವಿಗೆ ರಕ್ತ ಒಯ್ಯುವುದು ಒಂದೇ ಸಣ್ಣ ಅಪಧಮನಿ, ಅದಕ್ಕೆ ಬದಲಿ ದಾರಿ ಇಲ್ಲವೆನ್ನಬಹುದು. ಸಕ್ಕರೆ ಕಾಯಿಲೆ ಕಣ್ಣು, ಮೂತ್ರಪಿಂಡಗಳ ಸಣ್ಣ ರಕ್ತನಾಳ ಕೆಡಿಸುವ ಹಾಗೆಯೇ ಇಲ್ಲಿಯದನ್ನೂ ಕೆಡಿಸುತ್ತದೆ. ಅಮೆರಿಕದಲ್ಲಿ 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಮಧುಮೇಹ ಇರುವವರಲ್ಲಿ, ಮಧುಮೇಹ ಇಲ್ಲದವರಿಗಿಂತ, ಶ್ರವಣದೋಷ ಸುಮಾರು ದುಪ್ಪಟ್ಟು ಕಂಡಿತ್ತು. ಸಿಗರೇಟು ಅದೇ ನಾಳಗಳನ್ನು ಬಿಗಿಗೊಳಿಸುತ್ತದೆ, ರಕ್ತದ ಆಮ್ಲಜನಕವನ್ನೂ ತಗ್ಗಿಸುತ್ತದೆ. ಗದ್ದಲದಲ್ಲಿ ದಣಿದ ಕೋಶ ಚೇತರಿಸಿಕೊಳ್ಳಬೇಕಾದ ಹೊತ್ತಿಗೇ ಅದಕ್ಕೆ ರಕ್ತ ಸಾಲದಾಗುತ್ತದೆ. ನಿಮ್ಮಣ್ಣನ ವಿಷಯದಲ್ಲಿ ಮೂರೂ ಒಂದರ ಮೇಲೊಂದು ಕೂತಿವೆ.

ಹೋದದ್ದು ಇದರಿಂದ ವಾಪಸ್ ಬರುವುದಿಲ್ಲ, ಆ ಆಸೆ ಹುಟ್ಟಿಸಲಾರೆ. ಉಳಿದದ್ದನ್ನು ಉಳಿಸಿಕೊಳ್ಳುವುದಕ್ಕೆ ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ), ಬಿಪಿ, ಕೊಲೆಸ್ಟರಾಲ್, ಕ್ರಿಯಾಟಿನೈನ್ (ಮೂತ್ರಪಿಂಡದ ಪರೀಕ್ಷೆ) ಮಾಡಿಸಿ. ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಕೂಡ ನೋಡಿಸಿ, ಕಬ್ಬಿಣದ ಕೊರತೆಯ ರಕ್ತಹೀನತೆಗೂ ಶ್ರವಣದೋಷಕ್ಕೂ ನಂಟು ಕಂಡಿದೆ. ವರ್ಷಕ್ಕೊಮ್ಮೆ ಕಣ್ಣು, ಪಾದ ತೋರಿಸುವಾಗಲೇ ಕಿವಿಯನ್ನೂ ಸೇರಿಸಿಬಿಡಿ.

ಔಷಧ ತಜ್ಞ: ಕ್ರಿಯಾಟಿನೈನ್ ಎಂದರಲ್ಲ, ಅದು ಔಷಧದ ವಿಷಯಕ್ಕೂ ಮುಖ್ಯ. ಸೋಂಕಿಗೆ ಕೊಡುವ ಜೆಂಟಾಮೈಸಿನ್, ಅಮಿಕಾಸಿನ್, ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್‌ಗಳು ಮೂತ್ರಪಿಂಡದ ಮೂಲಕ ಹೊರಹೋಗುತ್ತವೆ. ಮೂತ್ರಪಿಂಡ ಸೋತಿದ್ದರೆ ರಕ್ತದಲ್ಲಿ ಕೂಡಿಕೊಂಡು ರೋಮಕೋಶ ಕೊಲ್ಲುತ್ತವೆ. ಜೊತೆಗೆ ಮೂತ್ರ ಹೆಚ್ಚಿಸುವ ಫ್ಯೂರೊಸಮೈಡ್ ರಕ್ತನಾಳಕ್ಕೆ ಕೊಟ್ಟರೆ ಅಪಾಯ ಹೆಚ್ಚು. ಕ್ಯಾನ್ಸರ್‌ಗೆ ಕೊಡುವ ಸಿಸ್‌ಪ್ಲಾಟಿನ್ ಕೂಡ ಹಾಗೆಯೇ, ಅದರ ಹಾನಿ ಶಾಶ್ವತ. ಇವುಗಳಲ್ಲಿ ಯಾವುದಾದರೂ ಶುರುವಾಗುವ ಮೊದಲು ಆಡಿಯೋಗ್ರಾಂ ಮಾಡಿಸಿ, ನಡುವೆ ಮತ್ತೆ ಮಾಡಿಸಿ. ಸಾಧ್ಯವಿದ್ದಲ್ಲಿ 8000 ಹರ್ಟ್ಸ್‌ಗೂ ಮೇಲಿನದನ್ನು ನೋಡಬೇಕು, ಹಾನಿ ಮೊದಲು ಕಾಣುವುದು ಅಲ್ಲಿ. ಆಸ್ಪಿರಿನ್ ದೊಡ್ಡ ಪ್ರಮಾಣದಲ್ಲಿ ಕಿವಿಯನ್ನು ಗುಂಯ್‌ಗುಡಿಸುತ್ತದೆ, ನಿಲ್ಲಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಹೃದಯಕ್ಕೆಂದು ಕೊಡುವ ಸಣ್ಣ ಮಾತ್ರೆಯನ್ನು ಈ ಭಯಕ್ಕೆ ಬಿಡಬೇಡಿ.

ತಾಯಿಯ ಕಡೆಯ ನೆಂಟರಲ್ಲಿ ಇಂಥ ಇಂಜೆಕ್ಷನ್ ಆದ ಮೇಲೆ ಯಾರಿಗಾದರೂ ಕಿವಿ ಹೋಗಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ತಾಯಿಯಿಂದ ಮಾತ್ರ ಬರುವ ಒಂದು ಮೈಟೊಕಾಂಡ್ರಿಯ (ಜೀವಕೋಶದ ಶಕ್ತಿಕೇಂದ್ರ) ಜೀನಿನ ಬದಲಾವಣೆ ಇದ್ದವರಿಗೆ ಸರಿಯಾದ ಪ್ರಮಾಣದ ಔಷಧವೂ ಕಿವಿ ಕಳೆಯಬಹುದು.

ಕಿವಿ, ಮೂಗು, ಗಂಟಲು: ಎಲ್ಲಕ್ಕಿಂತ ಮೊದಲು ಕಿವಿಯೊಳಗೆ ಇಣುಕಿ ನೋಡಿಸಿ. ಗುಗ್ಗೆ ಗಟ್ಟಿಯಾಗಿ ಕಟ್ಟಿಕೊಂಡಿದ್ದರೂ ಇದೇ ಲಕ್ಷಣ. ಬಡ್ಸ್, ಪಿನ್ನು, ಬೆಂಕಿಕಡ್ಡಿ ಹಾಕಿದರೆ ಗುಗ್ಗೆ ಕಿವಿತಮಟೆಯ ಕಡೆಗೇ ತಳ್ಳಲ್ಪಡುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಒಂದು ಸಣ್ಣ ಗೀರಿನಿಂದಲೂ ಸೋಂಕು ಮೂಳೆಯ ತನಕ ಹೋಗಬಲ್ಲದು, ಆದ್ದರಿಂದ ಮನೆಯಲ್ಲಿ ನೀರು ಚಿಮ್ಮಿಸಿ ತೊಳೆಯುವುದೂ ಬೇಡ. ಕಿವಿ ಸೋರುತ್ತಿದ್ದರೆ ಎಣ್ಣೆಯಾಗಲಿ ಹನಿಯಾಗಲಿ ತಾವಾಗಿ ಹಾಕಬಾರದು. ಒಂದೇ ಕಿವಿ ಮಂದವಾಗಿದ್ದರೆ, ಒಂದೇ ಕಡೆ ಗುಂಯ್ ಎನ್ನುತ್ತಿದ್ದರೆ ಅದನ್ನು ಶೆಡ್ಡಿನ ಲೆಕ್ಕಕ್ಕೆ ಬರೆಯಬೇಡಿ, ನರದ ಗಡ್ಡೆ ಇಲ್ಲವೆಂದು ಎಂಆರ್‌ಐನಲ್ಲಿ ಖಚಿತ ಮಾಡಿಕೊಳ್ಳಬೇಕು.

ಪುನರ್ವಸತಿ ಕಾರ್ಯಕರ್ತೆ: ಮೇಲಿನ ಎಲ್ಲದರಲ್ಲೂ ಒಂದು ವಿಷಯ ಬಿಟ್ಟುಹೋಗಿದೆ. ಗದ್ದಲದ ಕೆಲಸ, ಕಡಿಮೆ ಆದಾಯ, ಪರೀಕ್ಷೆಗೆ ರಜೆ ಸಿಗದಿರುವುದು ಸಾಮಾನ್ಯವಾಗಿ ಒಬ್ಬರ ಮೇಲೆಯೇ ಬೀಳುತ್ತವೆ. ಕೂಲಿ ಕಳೆದುಕೊಂಡು ಪರೀಕ್ಷೆಗೆ ಹೋಗಬೇಕಾದವರು ಮುಂದೂಡುತ್ತಾರೆ, ಅದನ್ನು ಅಸಡ್ಡೆ ಎಂದು ಬೈಯುವುದು ನ್ಯಾಯವಲ್ಲ. ಸಕ್ಕರೆ ತಪಾಸಣೆಯ ದಿನವೇ ಕಿವಿಗೂ ಸಮಯ ಗೊತ್ತುಮಾಡಿ, ಒಂದು ರಜೆ ಉಳಿಯುತ್ತದೆ.

ಇನ್ನು ಕೂಟಗಳಿಂದ ದೂರ ಸರಿಯುವುದು. ಕಿವಿ ಮಂದವಾದವರು ತಪ್ಪು ಉತ್ತರ ಕೊಟ್ಟು ಮುಜುಗರಪಡುವುದಕ್ಕಿಂತ ಸುಮ್ಮನಿರುವುದೇ ಲೇಸೆಂದು ಹಿಂದೆ ಸರಿಯುತ್ತಾರೆ. ನಡುವಯಸ್ಸಿನ ಶ್ರವಣದೋಷ ಮರೆಗುಳಿತನದ ತಡೆಯಬಹುದಾದ ಅಪಾಯಗಳಲ್ಲಿ ಒಂದು ಎಂದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಪಟ್ಟಿಮಾಡಿದೆ. 2023ರ ಅಚೀವ್ ಪ್ರಯೋಗದಲ್ಲಿ ಹಿಯರಿಂಗ್ ಏಡ್‌ನಿಂದ ಎಲ್ಲರಿಗೂ ಲಾಭ ಕಾಣಲಿಲ್ಲ, ಆದರೆ ಹೆಚ್ಚು ಅಪಾಯದಲ್ಲಿದ್ದ ಹಿರಿಯರಲ್ಲಿ ಮೂರು ವರ್ಷದಲ್ಲಿ ಬುದ್ಧಿಶಕ್ತಿಯ ಕುಸಿತ 48% ನಿಧಾನವಾಯಿತು. ಹಿಯರಿಂಗ್ ಏಡ್ ಬೇಕೆಂದರೆ ಶುರುವಿನಲ್ಲಿ ದಿನಕ್ಕೆ ಒಂದೆರಡು ಗಂಟೆ, ಶಾಂತ ಕೋಣೆಯಲ್ಲಿ ಹಾಕಿಸಿ. ಮೊದಲ ವಾರವೇ ಮದುವೆಮನೆಗೆ ಹಾಕಿಕೊಂಡು ಹೋದವರು ಬೇಸತ್ತು ಪೆಟ್ಟಿಗೆಯಲ್ಲಿಟ್ಟುಬಿಡುತ್ತಾರೆ. ಮನೆಯವರು ಕೂಗಬೇಡಿ, ಕೂಗಿದರೆ ಅಕ್ಷರ ಒಡೆಯುತ್ತವೆ. ಎದುರು ಬಂದು, ಮುಖದ ಮೇಲೆ ಬೆಳಕು ಬೀಳುವಂತೆ ನಿಂತು, ಟಿವಿ ನಿಲ್ಲಿಸಿ ಮಾತಾಡಿ. ಒಮ್ಮೆ ತಿಳಿಯದಿದ್ದರೆ ಅದೇ ಪದ ಜೋರಾಗಿ ಹೇಳುವ ಬದಲು ಬೇರೆ ಪದದಲ್ಲಿ ಹೇಳಿ.

ಕೇಳಿದವರು: ಅಣ್ಣನಿಗೆ ಓದಿ ಹೇಳಿದೆ, ಮುಂದಿನ ವಾರ ಪರೀಕ್ಷೆಗೆ ಒಪ್ಪಿದ್ದಾರೆ. ಅಲ್ಲಿಯವರೆಗೆ ಯಾವುದಾದರೂ ಆದರೆ ಕಾಯಲೇಬಾರದು ಎನ್ನುವುದಿದೆಯೇ?

ಕಿವಿ, ಮೂಗು, ಗಂಟಲು: ಇದೆ. ಮೂರು ದಿನದೊಳಗೆ, ಕೆಲವೊಮ್ಮೆ ರಾತ್ರಿ ಬೆಳಗಾಗುವುದರೊಳಗೆ ಒಂದು ಕಿವಿ ಮುಚ್ಚಿಹೋದಂತಾದರೆ ಅಂದೇ ಹೊರಡಿ. ಶೀತಕ್ಕೆ ಕಟ್ಟಿಕೊಂಡಿದೆ ಎಂದು ವಾರ ಕಾಯುವುದೇ ಎಲ್ಲರೂ ಮಾಡುವ ತಪ್ಪು. ಬಾಯಿ ಮುಚ್ಚಿ ‘ಮ್’ ಎಂದು ಗುನುಗಲು ಹೇಳಿ. ದನಿ ಕೆಟ್ಟ ಕಿವಿಯ ಕಡೆ ಜೋರಾಗಿ ಕೇಳಿಸಿದರೆ ಗುಗ್ಗೆಯೋ ಶೀತವೋ ಇರಬಹುದು, ಒಳ್ಳೆಯ ಕಿವಿಯ ಕಡೆ ವಾಲಿದರೆ ಒಳಕಿವಿಯೇ ಕೆಟ್ಟಿರುವ ಸಾಧ್ಯತೆ. ಇದು ಮನೆಯ ಸುಳಿವಷ್ಟೇ, ಯಾವ ಕಡೆ ಕೇಳಿಸಿದರೂ ಹೋಗಲೇಬೇಕು. ಸ್ಟೀರಾಯ್ಡ್ ಚಿಕಿತ್ಸೆಗೆ ಮೊದಲ ಎರಡು ವಾರ ಅಮೂಲ್ಯ, ಅದರಲ್ಲೂ ಮೊದಲ ಕೆಲವು ದಿನ. ಸಕ್ಕರೆ ಕಾಯಿಲೆ ಇದೆಯೆಂದು ಮೊದಲೇ ಹೇಳಿ: ಸ್ಟೀರಾಯ್ಡ್ ಮಾತ್ರೆ ಸಕ್ಕರೆ ಏರಿಸುತ್ತದೆ, ಅಂಥವರಿಗೆ ಅದನ್ನು ತಮಟೆಯ ಮೂಲಕ ನಡುಕಿವಿಗೇ ಚುಚ್ಚಿ ಕೊಡುವ ದಾರಿಯೂ ಇದೆ. ಜೊತೆಗೆ ಮುಖ ಸೊಟ್ಟಗಾದರೆ, ಮಾತು ತೊದಲಿದರೆ, ನಿಲ್ಲಲಾಗದಂತೆ ತಲೆ ಸುತ್ತಿದರೆ ಕಿವಿಯ ವೈದ್ಯರನ್ನು ಹುಡುಕಬೇಡಿ, ನೇರ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ.