ಬ್ಯಾಂಕಿನಲ್ಲಿ ‘ಜೊತೆಗೆ ಯಾರನ್ನಾದರೂ ಕರ್ಕೊಂಡು ಬನ್ನಿ’ ಅಂದರೆ ಏನು ಮಾಡಬೇಕು?

ಪ್ರಶ್ನೆ: ನಮಸ್ತೆ ಮೇಡಂ. ನಾನು ದಾವಣಗೆರೆಯವಳು, ವಯಸ್ಸು 27. ರೆಟಿನೈಟಿಸ್ ಪಿಗ್ಮೆಂಟೋಸಾದಿಂದ ದೃಷ್ಟಿ ಹೋಗಿದೆ, ಈಗ ಬೆಳಕು ಕತ್ತಲೆ ಮಾತ್ರ ಗೊತ್ತಾಗುತ್ತದೆ. ಹೊಸದಾಗಿ ಕೆಲಸ ಸಿಕ್ಕಿದೆ. ಸಂಬಳಕ್ಕೆ ಖಾತೆ ತೆರೆಯಲು ಹೋದರೆ ‘ಎಟಿಎಂ ಕಾರ್ಡು, ಚೆಕ್ ಬುಕ್ ಕೊಡೋಕಾಗಲ್ಲ, ಅಣ್ಣನ ಜೊತೆ ಜಾಯಿಂಟ್ ಅಕೌಂಟ್ ಮಾಡಿಸಿ, ಹೆಬ್ಬೆಟ್ಟು ಒತ್ತಿ’ ಅಂದರು. ನನಗೆ ಸಹಿ ಮಾಡಲು ಬರುತ್ತದೆ. ಆದರೆ ಕೌಂಟರ್ ಮುಂದೆ ನಿಂತರೆ ಬಾಯಿ ಕಟ್ಟಿಹೋಗುತ್ತದೆ, ಅಣ್ಣನೇ ಎಲ್ಲ ಮಾತಾಡುತ್ತಾನೆ. ಮೊದಲು ಧೈರ್ಯ ಬೆಳೆಸಿಕೊಳ್ಳಬೇಕು ಅನ್ನಿಸುತ್ತದೆ. ಎಲ್ಲಿಂದ ಶುರು ಮಾಡಲಿ?

ಉತ್ತರ (ಪುನರ್ವಸತಿ ತರಬೇತುದಾರರು, ಬೆಂಗಳೂರು): ನಮಸ್ತೆ. ಕೆಲಸ ಸಿಕ್ಕಿದ್ದು ಕೇಳಿ ತುಂಬಾ ಖುಷಿಯಾಯಿತು.

ಧೈರ್ಯ ಬರಲಿ, ಆಮೇಲೆ ಕೇಳುತ್ತೇನೆ ಅಂತ ಮಾತ್ರ ಕಾಯಬೇಡಿ. ನಾನೂ ಅಂಧಳು, ತರಬೇತಿಗೆ ಬರುವವರೂ ಅಂಧರು. ಮನೆಯಲ್ಲಿ ಕೂತು ಧೈರ್ಯ ತಂದುಕೊಂಡು ಆಮೇಲೆ ಹೊರಗೆ ಹೋದವರನ್ನು ನಾನು ಕಂಡಿಲ್ಲ. ಒಂದು ಸಲ ನಡುಗುವ ದನಿಯಲ್ಲೇ ಕೇಳಿರುತ್ತಾರೆ, ಕೆಲಸ ಆಗಿರುತ್ತದೆ, ಮುಂದಿನ ಸಲ ದನಿ ಸ್ವಲ್ಪ ಗಟ್ಟಿಯಾಗಿರುತ್ತದೆ. ಅಷ್ಟೇ.

ಈಗ ನಿಮ್ಮ ಬ್ಯಾಂಕಿನ ವಿಷಯ. ಅವರು ಹೇಳಿದ್ದು ತಪ್ಪು. 2008ರ ಜೂನ್ 4ರಂದು ರಿಸರ್ವ್ ಬ್ಯಾಂಕ್ ವಾಣಿಜ್ಯ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿದೆ. ಚೆಕ್ ಬುಕ್, ಎಟಿಎಂ, ನೆಟ್ ಬ್ಯಾಂಕಿಂಗ್, ಲಾಕರ್, ಸಾಲ, ಕ್ರೆಡಿಟ್ ಕಾರ್ಡ್ ಯಾವುದರಲ್ಲೂ ಅಂಧರಿಗೆ ಭೇದ ಮಾಡಬಾರದು, ಬೇರೆಯವರ ಹೆಸರಿಗೆ ಬರೆಯುವ ಚೆಕ್ ಕೂಡ ಕೊಡಬೇಕು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಇದು ತಾನಾಗಿಯೇ ಬಂದದ್ದಲ್ಲ. ವಿಕಲಚೇತನರ ಮುಖ್ಯ ಆಯುಕ್ತರ ಮುಂದೆ 2003ರಲ್ಲಿ ಒಂದು ಪ್ರಕರಣ ಹೋಗಿ, 2005ರಲ್ಲಿ ಆದೇಶ ಬಂದು, ಆಮೇಲೆ ಈ ಸುತ್ತೋಲೆ ಬಂತು. ಅದಾದ ಮೇಲೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 13ನೇ ಸೆಕ್ಷನ್ ಕೂಡ ನಮ್ಮ ಹಣದ ವ್ಯವಹಾರ ನಾವೇ ನೋಡಿಕೊಳ್ಳುವ ಹಕ್ಕು ಕೊಟ್ಟಿದೆ. ಜಾಯಿಂಟ್ ಅಕೌಂಟ್ ನಿಮಗೆ ಬೇಕಾದರೆ ಮಾಡಿಸಿ, ಅವರು ಹೇಳಿದರು ಅಂತ ಬೇಡ.

ಸಹಿಗೆ ಒಂದು ಸಣ್ಣ ಉಪಾಯ. ಹಳೆಯ ಪ್ಲಾಸ್ಟಿಕ್ ಕಾರ್ಡಿನ ನಡುವೆ ಸಹಿ ಹಿಡಿಸುವಷ್ಟು ಉದ್ದದ ಕಿಂಡಿ ಕತ್ತರಿಸಿಕೊಳ್ಳಿ. ಸಹಿ ಹಾಕುವ ಜಾಗದ ಮೇಲೆ ಅದನ್ನು ಇಟ್ಟುಕೊಡಲು ಹೇಳಿ, ಎಡಗೈ ಬೆರಳು ಕಿಂಡಿಯ ಶುರುವಿನಲ್ಲಿರಲಿ, ಪೆನ್ನು ಅಲ್ಲಿಂದ ಹೊರಡಲಿ. ಗೆರೆ ಮೇಲೆ ಕೆಳಗೆ ಹೋಗುವುದಿಲ್ಲ. ಮನೆಯಲ್ಲಿ ದಿನಾ ಸ್ವಲ್ಪ ಹೊತ್ತು ಅಭ್ಯಾಸ ಮಾಡಿ, ಸಹಿ ಪ್ರತಿ ಸಲ ಒಂದೇ ಥರ ಬರಬೇಕು.

ಅಣ್ಣನನ್ನು ಬಿಟ್ಟು ಹೋಗಿ ಅಂತ ನಾನು ಹೇಳುವುದಿಲ್ಲ. ಅವರು ಪ್ರೀತಿಯಿಂದಲೇ ಮಾಡುತ್ತಿದ್ದಾರೆ. ಆದರೆ ಮೊದಲೇ ಮಾತಾಡಿಕೊಳ್ಳಿ: ‘ನೀನು ಬಾ, ಬೆಂಚಿನ ಮೇಲೆ ಕೂತಿರು, ಮಾತಾಡೋದು ನಾನು.’ ಅಣ್ಣ ಪಕ್ಕದಲ್ಲಿ ನಿಂತಿದ್ದರೆ ಕೌಂಟರಿನವರು ಅವರನ್ನೇ ಕೇಳುತ್ತಾರೆ, ‘ಇವರಿಗೆ ಏನಾಗಬೇಕಂತೆ?’ ಅಂತ. ಇದು ನಮಗೆಲ್ಲ ಗೊತ್ತಿರುವ ಮಾತೇ ಅಲ್ವಾ. ಅಣ್ಣ ದೂರ ಕೂತಿದ್ದರೆ ಕೇಳಲು ನೀವೊಬ್ಬರೇ ಇರುತ್ತೀರಿ. ಮೊದಲ ವಾಕ್ಯ ಬಾಯಿಪಾಠ ಮಾಡಿಕೊಂಡು ಹೋಗಿ: ‘ಸರ್, ಖಾತೆ ನನ್ನ ಹೆಸರಲ್ಲಿ ಆಗಬೇಕು, ಎಟಿಎಂ ಮತ್ತು ಚೆಕ್ ಬುಕ್ ಬೇಕು, ಅರ್ಜಿ ಇಲ್ಲಿದೆ.’ ಮೊದಲ ವಾಕ್ಯ ಹೊರಬಿದ್ದರೆ ಉಳಿದದ್ದು ತಾನಾಗಿ ಬರುತ್ತದೆ.

ಅರ್ಜಿ ಬರವಣಿಗೆಯಲ್ಲೇ ಇರಲಿ, ಎರಡು ಪ್ರತಿ. ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಆಗಲ್ಲ ಅಂದರೆ ‘ಹಾಗಾದರೆ ಅದನ್ನೇ ಬರೆದುಕೊಡಿ ಸರ್’ ಅನ್ನಿ, ದನಿ ಏರಿಸುವ ಅಗತ್ಯವೇ ಇಲ್ಲ. ಎಷ್ಟೋ ಕಡೆ ವಿಷಯ ಇಲ್ಲೇ ಬಗೆಹರಿಯುತ್ತದೆ, ಯಾಕೆಂದರೆ ಬರೆದುಕೊಡಲು ಯಾರಿಗೂ ಇಷ್ಟ ಇರುವುದಿಲ್ಲ. ಆಗಲಿಲ್ಲ ಅಂದರೆ ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಹಾಕಬಹುದು, ದುಡ್ಡು ಕೊಡಬೇಕಿಲ್ಲ, ವಕೀಲರೂ ಬೇಕಿಲ್ಲ.

ಕಾರ್ಡು ಬಂದ ಮೇಲೆ ಮಾತಾಡುವ ಎಟಿಎಂ ಹುಡುಕಿ. 2014ರ ಜುಲೈ 1ರಿಂದ ಹೊಸದಾಗಿ ಹಾಕುವ ಎಟಿಎಂಗಳೆಲ್ಲ ಧ್ವನಿ ಮತ್ತು ಬ್ರೈಲ್ ಕೀಪ್ಯಾಡ್ ಇರುವಂಥವೇ ಆಗಿರಬೇಕು ಅಂತ ನಿಯಮ ಇದೆ. ತಂತಿ ಇರುವ ಇಯರ್‌ಫೋನ್ ಚುಚ್ಚಿದರೆ ಧ್ವನಿ ಶುರುವಾಗಬೇಕು. ಆಗದಿದ್ದರೆ ಅದಕ್ಕೂ ಒಂದು ದೂರು ಬರೆಯಿರಿ, ಮುಂದೆ ಅಲ್ಲಿಗೆ ಬರುವ ಇನ್ನೊಬ್ಬ ಅಂಧರಿಗೆ ಅನುಕೂಲ.

ಇನ್ನೊಬ್ಬರ ಪ್ರಶ್ನೆ: ಮೇಡಂ, ಮೊಬೈಲಿನಲ್ಲಿ ಕೆವೈಸಿ (ಗುರುತಿನ ಪರಿಶೀಲನೆ) ಮಾಡುವಾಗ ‘ಕಣ್ಣು ಮಿಟುಕಿಸಿ’ ಅನ್ನುತ್ತದೆ. ನನ್ನಿಂದ ಆಗುತ್ತಿಲ್ಲ. ಇದಕ್ಕೆ ಏನಾದರೂ ದಾರಿ ಇದೆಯಾ?

ಉತ್ತರ: ಇದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಇದೇ ವಿಷಯಕ್ಕೆ ತೀರ್ಪು ಕೊಟ್ಟಿದೆ. ಆ್ಯಸಿಡ್ ದಾಳಿಗೆ ಒಳಗಾದವರು ಮತ್ತು ಒಬ್ಬ ಅಂಧರು ಹಾಕಿದ ಅರ್ಜಿಗಳವು. ಡಿಜಿಟಲ್ ಸೇವೆ ಬಳಸುವ ಅವಕಾಶವೂ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೆ ಬರುತ್ತದೆ ಅಂತ ಕೋರ್ಟ್ ಹೇಳಿತು, ಕಣ್ಣು ಮಿಟುಕಿಸುವುದು ಬಿಟ್ಟು ಬೇರೆ ವಿಧಾನವನ್ನೂ ಇಡಿ ಅಂತ 20 ನಿರ್ದೇಶನ ಕೊಟ್ಟಿತು. ನಿಮ್ಮ ದೂರಿನಲ್ಲಿ ಈ ತಾರೀಖು ಬರೆಯಿರಿ. ಕಸ್ಟಮರ್ ಕೇರ್‌ನವರು ‘ಸಿಸ್ಟಂನಲ್ಲಿ ಆಪ್ಷನ್ ಇಲ್ಲ’ ಅಂದರೆ ಅಲ್ಲಿಗೇ ನಿಲ್ಲಿಸಬೇಡಿ, ದೂರಿನ ನಂಬರ್ ಕೇಳಿ ಪಡೆದುಕೊಳ್ಳಿ.

ಇನ್ನೊಬ್ಬರ ಪ್ರಶ್ನೆ: ನಾನು ತಾಯಿ, ಮೈಸೂರು. ಮಗನಿಗೆ 19, ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಕಾಲೇಜಿಗೆ ನಾನೇ ಬಿಟ್ಟು ಬರುತ್ತೇನೆ. ಈಗ ಒಬ್ಬನೇ ಬಸ್ಸಿನಲ್ಲಿ ಹೋಗುತ್ತೇನೆ ಅಂತ ಹಟ ಹಿಡಿದಿದ್ದಾನೆ. ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ಅಮ್ಮ, ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ನಮ್ಮ ರಸ್ತೆಗಳು ಹೇಗಿವೆ ಅಂತ ಗೊತ್ತು, ತೆರೆದ ಚರಂಡಿ, ಫುಟ್‌ಪಾತ್ ಮೇಲೆ ಬೈಕು. ಆದರೂ ಅವನು ಹೇಳುತ್ತಿರುವುದು ಸರಿ.

ಸುಮ್ನೆ ಕಳಿಸಿಬಿಡಿ ಅಂತಲ್ಲ. ಮೊದಲು ಬಿಳಿ ಕೋಲಿನ ತರಬೇತಿ ಆಗಲಿ. ನಿಂತಾಗ ಕೋಲು ಎದೆಯ ಮಟ್ಟಕ್ಕೆ ಬರಬೇಕು, ಗಿಡ್ಡ ಕೋಲಿನಿಂದ ಪ್ರಯೋಜನವಿಲ್ಲ. ಬಲಗಾಲು ಮುಂದಿಟ್ಟಾಗ ಕೋಲಿನ ತುದಿ ಎಡಕ್ಕೆ ತಾಗಬೇಕು, ಎಡಗಾಲು ಮುಂದಿಟ್ಟಾಗ ಬಲಕ್ಕೆ, ಅಂದರೆ ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಮೊದಲೇ ನೋಡಿರುತ್ತದೆ. ಇದು ಕೈಗೆ ಕೂರಲು ಸಮಯ ಬೇಕು. ಬೆಂಗಳೂರಿನಲ್ಲಿ ಮಿತ್ರ ಜ್ಯೋತಿ, ಎನೇಬಲ್ ಇಂಡಿಯಾದಂಥ ಸಂಸ್ಥೆಗಳಲ್ಲಿ ವಿಚಾರಿಸಿ. ಆಮೇಲೆ ಅದೇ ದಾರಿಯಲ್ಲಿ ಅವನು ಮುಂದೆ, ನೀವು ಹಿಂದೆ. ಅವನು ಎಡವುವ ಹಾಗಾದರೂ ತಕ್ಷಣ ಕೂಗಬೇಡಿ, ನಿಜವಾದ ಅಪಾಯ ಇದ್ದರೆ ಮಾತ್ರ.

ಬಸ್ ನಂಬರ್ ಅವನೇ ಕೇಳಲಿ, ಸ್ಟಾಪ್ ಬಂದಾಗ ಹೇಳಿ ಅಂತ ಕಂಡಕ್ಟರಿಗೂ ಅವನೇ ಹೇಳಲಿ. ಅಂಧರಿಗೆ ಸಾರಿಗೆ ಸಂಸ್ಥೆಯ ಉಚಿತ ಪಾಸ್ ಇದೆ, ಅದರ ಅರ್ಜಿಯನ್ನೂ ಅವನ ಕೈಯಲ್ಲೇ ಕೊಡಿಸಿ. ಇನ್ನೊಂದು ಮಾತು ಕಲಿಸಿ. ರಸ್ತೆ ದಾಟಿಸಲು ಜನ ಬಂದು ರಟ್ಟೆ ಹಿಡಿದು ಎಳೆಯುತ್ತಾರೆ, ಕೆಲವರು ಕೋಲನ್ನೇ ಹಿಡಿದು ಎಳೆಯುತ್ತಾರೆ. ಆಗ ‘ನಿಮ್ಮ ಮೊಣಕೈ ಕೊಡಿ, ನಾನು ಹಿಡಿದುಕೊಳ್ಳುತ್ತೇನೆ’ ಅನ್ನಬೇಕು. ಮೊಣಕೈಗಿಂತ ಸ್ವಲ್ಪ ಮೇಲೆ ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆದರೆ ಮೆಟ್ಟಿಲು, ತಿರುವು ಎಲ್ಲ ಅವರ ಮೈ ಚಲನೆಯಿಂದಲೇ ಗೊತ್ತಾಗುತ್ತದೆ. ಸಹಾಯ ಬೇಡದಿದ್ದರೆ ‘ಬೇಡ, ಥ್ಯಾಂಕ್ಸ್’ ಅನ್ನುವ ಹಕ್ಕೂ ಅವನಿಗಿದೆ.

ಇನ್ನೊಬ್ಬರ ಪ್ರಶ್ನೆ: ಕಲಬುರಗಿಯಲ್ಲಿ ಸರ್ಕಾರಿ ನೌಕರ, ವಯಸ್ಸು 44. ಗ್ಲಾಕೋಮಾದಿಂದ ದೃಷ್ಟಿ ಹೋಗುತ್ತಿದೆ. ಮೇಲಿನವರು ಸ್ವಯಂ ನಿವೃತ್ತಿ ತಗೊಳ್ಳಿ ಅನ್ನುತ್ತಿದ್ದಾರೆ.

ಉತ್ತರ: ಸರ್, ಯಾವ ಕಾಗದಕ್ಕೂ ಸಹಿ ಹಾಕಬೇಡಿ. 2016ರ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ, ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದ ಸರ್ಕಾರಿ ನೌಕರರನ್ನು ತೆಗೆಯುವ ಹಾಗಿಲ್ಲ, ದರ್ಜೆ ಇಳಿಸುವ ಹಾಗೂ ಇಲ್ಲ. ಆ ಹುದ್ದೆ ಹೊಂದದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಯುಡಿಐಡಿ ಕಾರ್ಡಿಗೆ, ಅಂದರೆ ವಿಕಲಚೇತನರ ಗುರುತಿನ ಚೀಟಿಗೆ, ಈಗಲೇ ಅರ್ಜಿ ಹಾಕಿ. ಇಲಾಖೆಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ, ಅಲ್ಲಿ ಆಗದಿದ್ದರೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ. ಜೊತೆಗೆ ಕಂಪ್ಯೂಟರಿನಲ್ಲಿ ಎನ್‌ವಿಡಿಎ ಹಾಕಿಸಿ, ಪರದೆ ಓದಿ ಹೇಳುವ ಸಾಫ್ಟ್‌ವೇರ್, ಉಚಿತ. ಸ್ವಲ್ಪ ದೃಷ್ಟಿ ಇರುವಾಗಲೇ ಕಲಿತರೆ ಸುಲಭ. ‘ಈ ಕೆಲಸ ನಾನು ಹೀಗೆ ಮಾಡುತ್ತೇನೆ’ ಅಂತ ಮಾಡಿ ತೋರಿಸುವ ಶಕ್ತಿ ಇದ್ದರೆ ಕಾಯ್ದೆಯ ಮಾತಿಗೂ ತೂಕ ಜಾಸ್ತಿ.

ಮೊದಲ ಪ್ರಶ್ನೆ ಕೇಳಿದವರು: ಮೇಡಂ, ತುಂಬಾ ಥ್ಯಾಂಕ್ಸ್. ಒಂದೇ ಹೆದರಿಕೆ, ಇಷ್ಟೆಲ್ಲ ಕೇಳಿದರೆ ನನ್ನನ್ನು ಜಗಳಗಂಟಿ ಅಂದುಕೊಳ್ಳುವುದಿಲ್ಲವಾ?

ಉತ್ತರ: ಕೆಲವರು ಅಂದುಕೊಳ್ಳಬಹುದು. ಅದನ್ನು ನೀವು ತಡೆಯಲು ಆಗುವುದಿಲ್ಲ. ಆದರೆ ನಿಮ್ಮ ದುಡಿಮೆಯ ಹಣ ನಿಮ್ಮ ಕೈಗೆ ಬರಲಿ ಅನ್ನುವುದು ಜಗಳ ಅಲ್ಲ. ಎಲ್ಲದಕ್ಕೂ ದೂರು ಬರೆಯುತ್ತಾ ಕೂರಬೇಕಿಲ್ಲ, ‘ಪಾಪ’ ಅಂದವರಿಗೆಲ್ಲ ಪಾಠ ಹೇಳಬೇಕಿಲ್ಲ, ಅದರಲ್ಲಿ ನಮ್ಮ ಶಕ್ತಿಯೆಲ್ಲ ಹೋಗುತ್ತದೆ. ದುಡ್ಡು, ಓದು, ಕೆಲಸ, ಓಡಾಟ, ಇವುಗಳಿಗೆ ಅಡ್ಡ ಬಂದರೆ ಮಾತ್ರ ಬಿಡಬೇಡಿ.

ಸೋಮವಾರ ಹೋಗುವುದಾದರೆ ಅದಕ್ಕೆ ಮೊದಲು ಅರ್ಜಿಯನ್ನು ಫೋನಿನಲ್ಲಿ ನೀವೇ ಹೇಳಿ ಟೈಪ್ ಮಾಡಿ ಇಲ್ಲಿ ಹಾಕಿ. ಖಾತೆ ನಂಬರ್, ಆಧಾರ್ ನಂಬರ್ ಹಾಕಬೇಡಿ. ನಾನು ನೋಡಿ, ಸುತ್ತೋಲೆಯ ನಂಬರ್ ಸೇರಿಸಿ ಕೊಡುತ್ತೇನೆ.